ಉಳಿದ ಮಂಡಕ್ಕಿಯನ್ನು ನೀವೇ ಕೊಂಡುಕೊಳ್ಳಬೇಡಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ದಾವಣಗೆರೆಯವರು. ಮಗಳು ನಾಲ್ಕನೇ ಕ್ಲಾಸು, ಬರುವ ನವೆಂಬರಿಗೆ ಹತ್ತು ತುಂಬುತ್ತದೆ. ಮಗನಿಗೆ ಆರು ವರ್ಷ. ಮಕ್ಕಳಿಗೆ ಚಿಕ್ಕಂದಿನಲ್ಲೇ ಬಿಸಿನೆಸ್, ಹೂಡಿಕೆ ಎಲ್ಲ ಕಲಿಸಬೇಕು ಅನ್ನೋದು ನಮ್ಮ ಯಜಮಾನರ ಆಸೆ. ಆನ್‌ಲೈನಲ್ಲಿ ಒಂದು ಕೋರ್ಸ್ ನೋಡಿದ್ದಾರೆ, ಹದಿನೆಂಟು ಸಾವಿರ ರೂಪಾಯಿ. ಮಗಳ ಹೆಸರಲ್ಲಿ ಷೇರು ಇಡುವ ಡಿಮ್ಯಾಟ್ ಖಾತೆ ತೆಗೆದು, ಷೇರು ಕೊಂಡು ಮಾರುವ ಟ್ರೇಡಿಂಗ್ ಕಲಿಸೋಣ ಅಂತಲೂ ಹೇಳುತ್ತಾರೆ. ನಮ್ಮ ಅತ್ತೆಗೆ ಇದು ಸುತರಾಂ ಇಷ್ಟವಿಲ್ಲ. "ಇಷ್ಟು ಚಿಕ್ಕ ಮಕ್ಕಳಿಗೆ ದುಡ್ಡಿನ ಹುಚ್ಚು ಹಿಡಿಸಬೇಡಿ" ಅನ್ನುತ್ತಾರೆ. ಮುಂದಿನ ತಿಂಗಳು ಸ್ಕೂಲಲ್ಲಿ ಮಕ್ಕಳ ಸಂತೆ ಇದೆ, ಮಗಳು ಖಾರ ಮಂಡಕ್ಕಿ ಮಾರುತ್ತೇನೆ ಅಂತ ಕುಣಿಯುತ್ತಿದ್ದಾಳೆ. ಎಲ್ಲಿಂದ ಶುರು ಮಾಡೋದು?

ಉತ್ತರ: ಮಂಡಕ್ಕಿಯಿಂದ ಶುರು ಮಾಡಿ. ಹದಿನೆಂಟು ಸಾವಿರ ಉಳಿಯಿತು ಅಂದುಕೊಳ್ಳಿ.

ತಮಾಷೆಗೆ ಹೇಳುತ್ತಿಲ್ಲ. ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿದ್ದೆ. ಅದಕ್ಕೂ ಮೊದಲು, ಅಂದರೆ ನಿಮ್ಮ ಮಗಳ ವಯಸ್ಸಿನಲ್ಲಿ, ಚಳ್ಳಕೆರೆಯಲ್ಲಿ ಅಪ್ಪನ ಕಿರಾಣಿ ಅಂಗಡಿಯ ಗಲ್ಲಾ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಯಾವುದು ಜಾಸ್ತಿ ಕಲಿಸಿತು ಅಂತ ಕೇಳಿದರೆ ಸ್ಟೂಲೇ. ಬ್ಯಾಂಕಿನಲ್ಲಿ ನೋಡಿದ್ದು ಬೇರೆಯವರ ದುಡ್ಡು. ಅಂಗಡಿಯಲ್ಲಿ ಒಂದು ಸೇರು ಬೇಳೆಯಲ್ಲಿ ನಾಲ್ಕಾಣೆ ಲೆಕ್ಕ ತಪ್ಪಿದರೆ ಅವತ್ತು ಸಂಜೆ ಅಪ್ಪನ ಮುಖ ನೋಡಬೇಕಿತ್ತು.

ಮಕ್ಕಳ ಸಂತೆ, ಕೆಲವು ಕಡೆ ಅದರ ಜೊತೆಗೇ ಮಾಡುವ ಮೆಟ್ರಿಕ್ ಮೇಳ, ನಮ್ಮ ಶಾಲೆಗಳಲ್ಲಿರುವ ಬಹಳ ಒಳ್ಳೆಯ ಅವಕಾಶ, ಆದರೆ ಅದನ್ನು ನಾವು ದೊಡ್ಡವರು ಸೇರಿಕೊಂಡು ಹಾಳು ಮಾಡುತ್ತೇವೆ. ಅಮ್ಮ ಬೆಳಗಿನ ಜಾವ ಎದ್ದು ಎಲ್ಲ ಮಾಡಿಕೊಡುತ್ತಾಳೆ. ಅಪ್ಪ ತಂದು ಇಳಿಸುತ್ತಾನೆ. ಮಗು ಟೇಬಲ್ ಹಿಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತದೆ. ಸಂಜೆ ಉಳಿದಿದ್ದನ್ನೆಲ್ಲ ಅಜ್ಜ, ಅತ್ತೆ, ಚಿಕ್ಕಪ್ಪ ಕೊಂಡುಕೊಳ್ಳುತ್ತಾರೆ. "ನನ್ನ ಮಗಳು ಆರುನೂರು ರೂಪಾಯಿ ವ್ಯಾಪಾರ ಮಾಡಿದಳು" ಅಂತ ಸ್ಟೇಟಸ್ ಬೀಳುತ್ತದೆ. ಮಗುವಿಗೆ ತಿಳಿದಿದ್ದು ಇಷ್ಟೇ: ಟೇಬಲ್ ಹಾಕಿದರೆ ದುಡ್ಡು ಬರುತ್ತದೆ.

ನನ್ನ ಮೊಮ್ಮಗಳ ಕಥೆ ಹೇಳುತ್ತೇನೆ. ಅವಳೂ ಖಾರ ಮಂಡಕ್ಕಿಯನ್ನೇ ಮಾರಿದ್ದು, ಅದಕ್ಕೇ ನಿಮ್ಮ ಪತ್ರ ಓದಿ ನಗು ಬಂತು. ಹುಂಡಿ ಒಡೆದು 180 ರೂಪಾಯಿ ಹಾಕಿದಳು. ಮಂಡಕ್ಕಿಗೆ 60, ಶೇಂಗಾಕ್ಕೆ 45, ಪುಟಾಣಿಗೆ 25, ನಿಂಬೆಹಣ್ಣಿಗೆ 20, ಪೇಪರ್ ಪೊಟ್ಟಣಕ್ಕೆ 30. ಅರವತ್ತು ಪೊಟ್ಟಣ, ಒಂದಕ್ಕೆ 10 ರೂಪಾಯಿ, 600 ಬರುತ್ತದೆ, 420 ಲಾಭ ಅಂತ ಹಿಂದಿನ ರಾತ್ರಿಯೇ ಲೆಕ್ಕ ಹಾಕಿ, ಅದರಲ್ಲಿ ಏನು ತಗೋಬೇಕು ಅಂತಲೂ ಪಟ್ಟಿ ಮಾಡಿ ಮಲಗಿದಳು.

ಅವಳಮ್ಮ ಬೆಳಗ್ಗೆಯೇ ಎಲ್ಲ ಕಲಸಿ ದೊಡ್ಡ ಡಬರಿಯಲ್ಲಿ ತುಂಬಿ ಕೊಟ್ಟಳು. ಅಲ್ಲೇ ತಪ್ಪಿದ್ದು. ಟೊಮೇಟೊ ನೀರು, ನಿಂಬೆರಸ ಬಿದ್ದ ಮಂಡಕ್ಕಿ ಎಷ್ಟು ಹೊತ್ತು ಗರಿಗರಿಯಾಗಿರುತ್ತದೆ? ದಾವಣಗೆರೆಯವರಿಗೆ ನಾನು ಹೇಳಬೇಕಾ! ಹನ್ನೊಂದೂವರೆ ಹೊತ್ತಿಗೆ ಮೆತ್ತಗಾಗಿ ಮುದ್ದೆಯಾಯಿತು. ಮೇಲಾಗಿ ಅದೇ ಸಾಲಿನಲ್ಲಿ ಇನ್ನೂ ಮೂರು ಮಂಡಕ್ಕಿ ಅಂಗಡಿ ಇದ್ದವು. ಒಟ್ಟು ಹೋಗಿದ್ದು 38 ಪೊಟ್ಟಣ. ಅದರಲ್ಲೂ ಏಳು ಉದ್ರಿ. "ನಾಳೆ ತಂದು ಕೊಡ್ತೀನಿ ಕಣೇ" ಅಂದ ಗೆಳತಿಯರಿಗೆ ಇಲ್ಲ ಅನ್ನೋಕೆ ಆಗಲಿಲ್ಲವಂತೆ. ಮಾರನೇ ದಿನ ಐದು ಜನ ಕೊಟ್ಟರು. ಇಬ್ಬರು ಇವತ್ತಿನವರೆಗೂ ಕೊಟ್ಟಿಲ್ಲ.

ಉಳಿದ 22 ಪೊಟ್ಟಣವನ್ನು ನೋಡಿ ಅವಳ ಕಣ್ಣಲ್ಲಿ ನೀರು. ನನ್ನ ಸೊಸೆ ಪರ್ಸ್ ತೆಗೆದಳು. ನಾನು ಕೈ ಹಿಡಿದೆ. ಆ ಕ್ಷಣ ಸೊಸೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕೊಂಡುಕೊಳ್ಳಬೇಡ ಅಂದೆ. ಅವತ್ತು ಸಂಜೆ ನಾವೆಲ್ಲ ಮೆತ್ತನೆ ಮಂಡಕ್ಕಿ ಪುಕ್ಕಟೆ ತಿಂದೆವು, ಅವಳೂ ತಿಂದಳು.

ಊಟ ಆದ ಮೇಲೆ ಲೆಕ್ಕಕ್ಕೆ ಕೂತೆವು. ಬಂದಿದ್ದು 360. ಹಾಕಿದ್ದು 180. "ಹಾಗಾದರೆ 180 ಲಾಭ" ಅಂದಳು, ಮುಖ ಸ್ವಲ್ಪ ಅರಳಿತು. ಈರುಳ್ಳಿ, ಟೊಮೇಟೊ ಎಲ್ಲಿಂದ ಬಂತು ಅಂತ ಕೇಳಿದೆ. "ಅಡುಗೆಮನೆಯಿಂದ." ಅಡುಗೆಮನೆಗೆ ಎಲ್ಲಿಂದ ಬಂತು? ಈರುಳ್ಳಿ-ಟೊಮೇಟೊ 50, ಎಣ್ಣೆ-ಒಗ್ಗರಣೆ 40, ಕೊತ್ತಂಬರಿ 10, ಒಟ್ಟು 100 ಬರೆದಳು. ಡಬರಿ ಹೊತ್ತು ಹೋಗಿದ್ದು ಆಟೋದಲ್ಲಿ, ಅದು 60. ಉಳಿದಿದ್ದು 20 ರೂಪಾಯಿ. ಅಷ್ಟೊತ್ತಿಗೆ ಅವಳೇ ತಲೆ ಎತ್ತಿ, "ಅಮ್ಮ ಒಂದೂವರೆ ಗಂಟೆ ಈರುಳ್ಳಿ ಹೆಚ್ಚಿದಳಲ್ಲ, ಅದಕ್ಕೂ ದುಡ್ಡು ಬರೀಬೇಕಾ?" ಅಂದಳು. ನಾನು ಸುಮ್ಮನಿದ್ದೆ. ಅವಳಪ್ಪ "ಅಮ್ಮನಿಗೆ ಯಾಕೆ ದುಡ್ಡು" ಅಂತ ನಗುತ್ತಾ ಅಂದ. ಸೊಸೆ ಮಾತ್ರ ನಗಲಿಲ್ಲ. ಕೊನೆಗೆ ಮಗು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: "ಅಮ್ಮನಿಗೆ ಬಾಕಿ 50."

ಮೂವತ್ತು ವರ್ಷದಲ್ಲಿ ನಾನು ನೋಡಿದ ಎಷ್ಟೋ ಸಾಲದ ಅರ್ಜಿಗಳಲ್ಲಿ ಆ ಸಾಲು ಇರುತ್ತಿರಲಿಲ್ಲ. ಹೋಟೆಲ್ ಲಾಭದಲ್ಲಿದೆ ಅಂತ ಬರೆದಿರುತ್ತಾರೆ, ಒಳಗೆ ನೋಡಿದರೆ ಹೆಂಡತಿ, ಅಮ್ಮ, ನಾದಿನಿ ಬೆಳಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬುತ್ತಿರುತ್ತಾರೆ, ಅವರಿಗೆ ಸಂಬಳವೇ ಇಲ್ಲ. ಸಂಬಳ ಹಾಕಿದರೆ ಲಾಭವೂ ಇಲ್ಲ.

ಮುಂದಿನ ವರ್ಷ ಅವಳು ಒಣ ಮಂಡಕ್ಕಿ ಬೇರೆ, ಮಸಾಲೆ ಬೇರೆ ಒಯ್ದಳು. ಗಿರಾಕಿ ಬಂದಾಗಲೇ ಕಲಸಿ ಕೊಟ್ಟಳು. ಕೊಸರಿಗೆ ಅಂತ ಮೇಲೆ ನಾಲ್ಕು ಶೇಂಗಾ ಉದುರಿಸಿದಳು. ಆಟೋ ಬೇಡ, ಅಪ್ಪನ ಸ್ಕೂಟರಲ್ಲಿ ಹೋದಳು. ರಟ್ಟಿನ ಮೇಲೆ "ಇಂದು ನಗದು ನಾಳೆ ಉದ್ರಿ" ಅಂತ ಬರೆದು ತೂಗು ಹಾಕಿದಳು, ಅದನ್ನು ಯಾವ ಅಂಗಡಿಯಲ್ಲಿ ನೋಡಿದ್ದಳೋ. 52 ಪೊಟ್ಟಣ ಹೋಯಿತು, 520 ರೂಪಾಯಿ. ಎಲ್ಲ ಸೇರಿ ಖರ್ಚು 310. ಅಮ್ಮನ ಹಳೇ ಬಾಕಿ 50, ಈ ಸಲದ್ದು 50 ಕೊಟ್ಟ ಮೇಲೆ 110 ಉಳಿಯಿತು. ಗಮನಿಸಿ, ಇದರಲ್ಲಿ ನಾನು ಹೇಳಿಕೊಟ್ಟಿದ್ದು ಒಂದೂ ಇಲ್ಲ. ಮೊದಲ ವರ್ಷದ 22 ಪೊಟ್ಟಣವನ್ನು ನಾವು ಕೊಂಡುಕೊಂಡಿದ್ದರೆ ಎರಡನೇ ವರ್ಷವೂ ಅಮ್ಮನೇ ಬೆಳಗ್ಗೆ ಕಲಸಿ ಕೊಡುತ್ತಿದ್ದಳು.

ಹಾಗಾಗಿ ನಿಮಗೆ ಹೇಳೋದು: ಬಂಡವಾಳ ಅವಳ ಹುಂಡಿಯಿಂದಲೇ ಬರಲಿ. ಸಾಲದಿದ್ದರೆ ನೀವು ಸಾಲ ಕೊಡಿ, ಬರೆದಿಟ್ಟುಕೊಳ್ಳಿ, ವಾಪಸ್ ತಗೊಳ್ಳಿ. ಮನ್ನಾ ಮಾಡಬೇಡಿ. ಅಡುಗೆಮನೆ ಸಾಮಾನಿಗೆ ಬೆಲೆ ಕಟ್ಟಿಸಿ. ಲುಕ್ಸಾನಾದರೆ ಆಗಲಿ. ಇನ್ನೂರು ರೂಪಾಯಿ ಲುಕ್ಸಾನನ್ನು ಒಂಬತ್ತು ವರ್ಷಕ್ಕೆ ಅನುಭವಿಸಿದವರು ಪುಣ್ಯವಂತರು. ಅದೇ ಪಾಠವನ್ನು ನಲವತ್ತಕ್ಕೆ ಮನೆ ಅಡವಿಟ್ಟು ಕಲಿತವರನ್ನು ನಾನು ಕೌಂಟರಿನ ಈ ಕಡೆಯಿಂದ ನೋಡಿದ್ದೇನೆ.

ಸಂತೆಗೆ ಮೊದಲು ಒಂದು ಭಾನುವಾರ ಅವಳನ್ನು ನಿಮ್ಮೂರಿನ ಯಾವುದಾದರೂ ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋಗಿ. ಕೇಳಿಕೊಂಡರೆ ಒಳಗೆ ಬಿಡುತ್ತಾರೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಆಮೇಲೆ ಕಾದ ಮರಳಿನಲ್ಲಿ ಹುರಿಯುತ್ತಾರಲ್ಲ, ಆ ಶಾಖದ ಹತ್ತಿರ ಐದು ನಿಮಿಷ ನಿಲ್ಲಲಿ. ಭಟ್ಟಿಯಲ್ಲಿ ಚೀಲದ ರೇಟು ಎಷ್ಟು, ಅಂಗಡಿಯಲ್ಲಿ ಸೇರಿನ ರೇಟು ಎಷ್ಟು ಅಂತ ಅವಳೇ ಕೇಳಲಿ. ನಡುವಿನ ದುಡ್ಡು ಯಾರ್‍ಯಾರ ಕೈಗೆ ಹೋಗುತ್ತದೆ ಅಂತ ಮನೆಗೆ ಬರುವ ದಾರಿಯಲ್ಲಿ ಮಾತಾಡಿ. ಸಪ್ಲೈ ಚೈನ್, ಮಾರ್ಜಿನ್ ಅಂತ ಕೋರ್ಸಿನಲ್ಲಿ ಕಾರ್ಟೂನ್ ಹಾಕಿ ತೋರಿಸೋದೂ ಇದನ್ನೇ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅದನ್ನು ತಳ್ಳಿಹಾಕಬೇಡಿ. ತಟ್ಟೆ ಎತ್ತಿಟ್ಟರೆ ಎರಡು ರೂಪಾಯಿ, ಅಜ್ಜಿಗೆ ನೀರು ತಂದುಕೊಟ್ಟರೆ ಒಂದು ರೂಪಾಯಿ ಅಂತ ಮನೆಗೆಲಸಕ್ಕೆಲ್ಲ ರೇಟ್ ಕಟ್ಟುವ ಪದ್ಧತಿ ಈಗ ಕೆಲವು ಮನೆಗಳಲ್ಲಿ ಶುರುವಾಗಿದೆ. ನನಗೆ ಅದು ಸುತರಾಂ ಸರಿ ಕಾಣುವುದಿಲ್ಲ. ಮನೆ ಎಲ್ಲರದ್ದು, ಕೆಲಸವೂ ಎಲ್ಲರದ್ದು. ಅಮ್ಮ ಸಂತೆಗೆ ಈರುಳ್ಳಿ ಹೆಚ್ಚಿದ್ದಕ್ಕೆ ಕೂಲಿ ಯಾಕೆ, ರಾತ್ರಿ ಸಾರಿಗೆ ಹೆಚ್ಚಿದ್ದಕ್ಕೆ ಯಾಕಿಲ್ಲ? ಮೊಮ್ಮಗಳು ಕೇಳಿದ್ದಳು. ಸಂತೆ ನಿನ್ನ ವ್ಯಾಪಾರ, ಸಾರು ನಮ್ಮೆಲ್ಲರ ಊಟ ಅಂದೆ. ಅರ್ಥವಾಯಿತು. ಅತ್ತೆಯವರಿಗೂ ಒಂದು ಕೆಲಸ ಕೊಡಿ. ಅವರ ಕಾಲದಲ್ಲಿ ಮನೆ ಹೇಗೆ ನಡೆಯುತ್ತಿತ್ತು, ಚೀಟಿ ದುಡ್ಡು ಯಾವುದಕ್ಕೆ ಬಳಸಿದರು, ಯಾರಿಗೆ ಕೈಗಡ ಕೊಟ್ಟು ಕಳೆದುಕೊಂಡರು ಅಂತ ಮೊಮ್ಮಕ್ಕಳಿಗೆ ಹೇಳಲಿ. ದುಡ್ಡಿನ ಹುಚ್ಚು ಹಿಡಿಯೋದು ದುಡ್ಡಿನ ಬಗ್ಗೆ ಮಾತೇ ಆಡದ ಮನೆಗಳಲ್ಲೂ ಇದೆ, ನಾನು ನೋಡಿದ್ದೇನೆ.

ಪಾಕೆಟ್ ಮನಿ ಕೊಡಿ. ವಾರಕ್ಕೆ ಇಷ್ಟು ಅಂತ ಇರಲಿ, ಸಣ್ಣ ಮೊತ್ತ ಇರಲಿ, ಗುರುವಾರವೇ ಖಾಲಿಯಾದರೆ ಭಾನುವಾರದವರೆಗೆ ಕಾಯಲಿ. ನೋಟು, ನಾಣ್ಯದಲ್ಲೇ ಕೊಡಿ. ಈಗಿನ ಮಕ್ಕಳು ದುಡ್ಡನ್ನೇ ನೋಡುವುದಿಲ್ಲ ಅಲ್ವಾ, ಫೋನ್ ತೋರಿಸುತ್ತೇವೆ, ಅಂಗಡಿಯ ಪೆಟ್ಟಿಗೆ ಏನೋ ಕೂಗುತ್ತದೆ, ಸಾಮಾನು ಕೈಗೆ ಬರುತ್ತದೆ. ನನ್ನ ಪರಿಚಯದ ಒಂದು ಮಗು "ದುಡ್ಡಿಲ್ಲ" ಅಂದಿದ್ದಕ್ಕೆ "ಫೋನ್ ಚಾರ್ಜ್ ಮಾಡಿ" ಅಂದಿತಂತೆ. ಐವತ್ತರ ನೋಟು ಕೊಟ್ಟು ಎಂಟು ರೂಪಾಯಿ ವಾಪಸ್ ಪಡೆದಾಗ ಕೈ ಹಗುರಾಗೋದು ಗೊತ್ತಾಗುತ್ತದೆ. ಹತ್ತು ವರ್ಷದವರೆಗಾದರೂ ನಗದು.

ಹೂಡಿಕೆಗೆ ಬರೋಣ. ಆದರೆ ಅದಕ್ಕೂ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನನ್ನ ಮಗ ಚಿಕ್ಕವನಿದ್ದಾಗ ಹಬ್ಬಕ್ಕೆ, ಹುಟ್ಟಿದಹಬ್ಬಕ್ಕೆ ನೆಂಟರು ಕೊಟ್ಟ ದುಡ್ಡನ್ನೆಲ್ಲ "ನಿನ್ನ ಹೆಸರಲ್ಲಿ ಬ್ಯಾಂಕಿಗೆ ಹಾಕ್ತೀನಿ ಕೊಡು" ಅಂತ ಇಸ್ಕೊಳ್ಳುತ್ತಿದ್ದೆ. ಎಲ್ಲ ಅಮ್ಮಂದಿರೂ ಹೇಳುವ ಮಾತೇ. ಬ್ಯಾಂಕಿನಲ್ಲೇ ಕೆಲಸ ಮಾಡುವವಳು ಬ್ಯಾಂಕಿಗೆ ಹಾಕಲಿಲ್ಲ, ಯಾವುದೋ ತಿಂಗಳ ಗ್ಯಾಸ್ ಸಿಲಿಂಡರ್, ಯಾವುದೋ ಔಷಧಿಗೆ ಹೋಯಿತು. ಹನ್ನೆರಡು ವರ್ಷದವನಿದ್ದಾಗ "ಅಮ್ಮ, ನನ್ನ ಪಾಸ್‌ಬುಕ್ ತೋರಿಸು" ಅಂದ. ಇರಲಿಲ್ಲ. ಆಮೇಲೆ ಅವನು ನನ್ನ ಕೈಗೆ ದುಡ್ಡು ಕೊಟ್ಟಿದ್ದು ಕೆಲಸಕ್ಕೆ ಸೇರಿದ ಮೇಲೆಯೇ. ಮಕ್ಕಳ ದುಡ್ಡು ಮುಟ್ಟಬೇಡಿ. ಮುಟ್ಟಲೇಬೇಕಾದ ಕಷ್ಟ ಬಂದರೆ ಸಾಲ ಅಂತ ಬರೆದುಕೊಟ್ಟು ಮುಟ್ಟಿ. ಕೊಟ್ಟ ದುಡ್ಡು ವಾಪಸ್ ಬರುತ್ತದೆ ಅನ್ನುವ ನಂಬಿಕೆ ಮನೆಯಲ್ಲೇ ಮುರಿದರೆ ಹೂಡಿಕೆಯ ಪಾಠ ಏನು ಮಾಡೋದು?

ಚಿಕ್ಕ ಮಕ್ಕಳಿಗೆ ಐದು ವರ್ಷ, ಹತ್ತು ವರ್ಷ ಅಂದರೆ ಏನೂ ಅಲ್ಲ. ಅವರಿಗೆ ಮುಂದಿನ ದೀಪಾವಳಿಯೇ ಬಹಳ ದೂರ. ಅದಕ್ಕೆ ಮನೆಯಲ್ಲೇ ಒಂದು ಬ್ಯಾಂಕ್ ತೆಗೆಯಿರಿ, ಅಮ್ಮನ ಬ್ಯಾಂಕ್. ಗರಿಷ್ಠ ಇನ್ನೂರು ರೂಪಾಯಿ ಠೇವಣಿ. ತಿಂಗಳಿಗೆ ನೂರಕ್ಕೆ ಹತ್ತು ಬಡ್ಡಿ. 100 ಇಟ್ಟರೆ ತಿಂಗಳಿಗೆ 110, ಎರಡನೇ ತಿಂಗಳು 121, ಹೀಗೆ ಆರನೇ ತಿಂಗಳಿಗೆ ಹತ್ತಿರ ಹತ್ತಿರ 177. ತಿಂಗಳಿಗೆ ಹತ್ತರಂತೆ ಅರವತ್ತು ತಾನೇ ಬರಬೇಕಿತ್ತು, ಹೆಚ್ಚಿನ 17 ಎಲ್ಲಿಂದ ಬಂತು ಅಂತ ಅವಳನ್ನೇ ಕೇಳಿ. ಆ 17 ರೂಪಾಯಿ ಹುಡುಕೋಕೆ ಒಂದು ಸಂಜೆ ಪೂರ್ತಿ ಕೊಡಿ, ಬಡ್ಡಿಗೆ ಬಡ್ಡಿ ಅನ್ನೋದು ಅವಳಿಗೇ ಹೊಳೆಯಲಿ.

ಆಮೇಲೆ ತಪ್ಪದೇ ಒಂದು ಮಾತು ಹೇಳಿ. ಅಮ್ಮನ ಬ್ಯಾಂಕ್ ಆಟಕ್ಕೆ. ಹೊರಗೆ ಯಾರಾದರೂ ತಿಂಗಳಿಗೆ ನೂರಕ್ಕೆ ಹತ್ತು ಕೊಡುತ್ತೇನೆ ಅಂದರೆ ಅವರು ಮೋಸಗಾರರು. ನಿಜವಾದ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ನೂರು ರೂಪಾಯಿಗೆ ಸಿಗೋದು ವರ್ಷಕ್ಕೆ ಎರಡೂವರೆ-ಮೂರು ರೂಪಾಯಿ ಆಸುಪಾಸು. 2019ರಲ್ಲಿ ಬೆಂಗಳೂರಿನ ಐಎಂಎ ಅನ್ನೋ ಹೂಡಿಕೆ ಕಂಪನಿ ಕುಸಿದಾಗ ತಿಂಗಳು ತಿಂಗಳು ಕೈತುಂಬ ಲಾಭ ಬರುತ್ತದೆ ಅಂತ ನಂಬಿ ಹಾಕಿದ್ದ ಸಾವಿರಾರು ಮನೆಗಳ ಉಳಿತಾಯ ಮುಳುಗಿತು. ಅವರಲ್ಲಿ ಓದಿದವರೂ ಇದ್ದರು. ಇದನ್ನು ಹತ್ತು ವರ್ಷದ ಮಗುವಿಗೆ ಹೇಳಬಹುದು. ಮಕ್ಕಳಿಗೆ ಮೋಸದ ಕಥೆ ಬೇಗ ತಲೆಗೆ ಹೋಗುತ್ತದೆ.

ಈಗ ಅವಸರದ ವಿಷಯ. ನಿಮ್ಮ ಮಗಳಿಗೆ ನವೆಂಬರಿಗೆ ಹತ್ತು ತುಂಬುತ್ತದೆ ಅಂದಿರಿ. ಹೆಣ್ಣುಮಕ್ಕಳಿಗಾಗಿ ಇರುವ ಸರ್ಕಾರದ ಉಳಿತಾಯ ಯೋಜನೆ, ಸುಕನ್ಯಾ ಸಮೃದ್ಧಿ ಖಾತೆ ಮಾಡಿಸಿದ್ದೀರಾ? ಬರೆದಿಲ್ಲ. ಮಾಡಿಸಿಲ್ಲದಿದ್ದರೆ ಈ ವಾರವೇ ಅಂಚೆ ಕಚೇರಿಗೋ ಬ್ಯಾಂಕಿಗೋ ಹೋಗಿ, ಹತ್ತು ತುಂಬಿದ ಮೇಲೆ ತೆರೆಯೋಕೆ ಆಗಲ್ಲ. ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ. ಹದಿನೈದು ವರ್ಷ ಕಟ್ಟಬೇಕು, ಖಾತೆ ತೆರೆದ 21 ವರ್ಷಕ್ಕೆ ಮುಗಿಯುತ್ತದೆ. ಹದಿನೆಂಟು ತುಂಬಿದ ಮೇಲೆ, ಅಥವಾ ಹತ್ತನೇ ಕ್ಲಾಸ್ ಪಾಸಾದ ಮೇಲೆ, ಓದಿಗೆ ಅಂತ ಅರ್ಧದವರೆಗೆ ತೆಗೆಯಬಹುದು. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, 2024ರ ಶುರುವಿನಲ್ಲಿ 8.2 ಪರ್ಸೆಂಟ್ ಮಾಡಿದ್ದರು, ಹೋದ ದಿನ ಎಷ್ಟಿದೆ ಅಂತ ಕೌಂಟರಲ್ಲೇ ಕೇಳಿಕೊಳ್ಳಿ. ಇದು ನೀವು ಅವಳಿಗಾಗಿ ಮಾಡುವ ಉಳಿತಾಯ, ಅವಳ ಪಾಠವಲ್ಲ. ಎರಡನ್ನೂ ಬೆರೆಸಬೇಡಿ.

ಅವಳ ಪಾಠಕ್ಕೆ ಬೇರೆ ಬಾಗಿಲು ಅದೇ ನವೆಂಬರಿನಲ್ಲಿ ತೆರೆಯುತ್ತದೆ. ಹತ್ತು ತುಂಬಿದ ಮಕ್ಕಳು ಸ್ವತಃ ಖಾತೆ ತೆರೆದು ತಾವೇ ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡ್ ಕೊಡಬೇಕೋ ಬೇಡವೋ ಅನ್ನೋದು ಆಯಾ ಬ್ಯಾಂಕಿಗೆ ಬಿಟ್ಟಿದ್ದು. ಮಕ್ಕಳ ಖಾತೆಯಲ್ಲಿ ಇರೋದಕ್ಕಿಂತ ಜಾಸ್ತಿ ತೆಗೆಯೋಕೆ ಬಿಡುವುದಿಲ್ಲ, ಹಾಗಾಗಿ ಹೆದರಬೇಡಿ. ಹುಟ್ಟಿದಹಬ್ಬದ ದಿನ ಕೇಕಿನ ಜೊತೆ ಇದನ್ನೂ ಇಟ್ಟುಕೊಳ್ಳಿ. ಚಲನ್ ಅವಳೇ ತುಂಬಲಿ, ತಪ್ಪಾದರೆ ಇನ್ನೊಂದು ತಗೊಂಡು ತುಂಬಲಿ, ಸಹಿ ಅವಳದ್ದೇ ಇರಲಿ. ಕೌಂಟರಿನಲ್ಲಿದ್ದಾಗ ಮೊದಲ ಸಹಿ ಹಾಕುವ ಮಕ್ಕಳ ಮುಖ ನೋಡೋದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ನಾಲಿಗೆ ಹೊರಗೆ ಬಂದಿರುತ್ತದೆ. ಅಂಚೆ ಕಚೇರಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಕೂಡ ಹತ್ತು ದಾಟಿದವರು ಸ್ವಂತ ಹೆಸರಲ್ಲಿ ಮಾಡಬಹುದು, ತಿಂಗಳಿಗೆ ನೂರು ರೂಪಾಯಿಯಿಂದ, ಐದು ವರ್ಷ. ಪಾಕೆಟ್ ಮನಿಯಿಂದ ಅವಳೇ ಕಟ್ಟುವ ಹಾಗಿದ್ದರೆ ಮಾತ್ರ ಮಾಡಿಸಿ.

ಸಣ್ಣ ದುಡ್ಡನ್ನು ಹಗುರವಾಗಿ ನೋಡಬೇಡಿ, ನಮ್ಮ ನಾಡಿನ ಬ್ಯಾಂಕುಗಳು ಬೆಳೆದಿದ್ದೇ ಅದರಿಂದ. 1925ರಲ್ಲಿ ಉಡುಪಿಯಲ್ಲಿ ಶುರುವಾದ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ತಂದಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ದುಡ್ಡನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದ. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಅನ್ನೋ ಮಾತು ಮಾತ್ರ ಇನ್ನೂ ನಮ್ಮ ಪೇಟೆ ಬೀದಿಗಳಲ್ಲಿ ಓಡಾಡುತ್ತಿದೆ. ಹಾಗೇ ಇನ್ಫೋಸಿಸ್ 1981ರಲ್ಲಿ ಹತ್ತು ಸಾವಿರ ರೂಪಾಯಿಯಿಂದ ಶುರುವಾಯಿತು ಅಂತ ಎಲ್ಲ ಮಕ್ಕಳಿಗೂ ಹೇಳುತ್ತೇವೆ. ಆ ಹತ್ತು ಸಾವಿರ ಸುಧಾ ಮೂರ್ತಿಯವರು ಉಳಿಸಿಟ್ಟಿದ್ದ ದುಡ್ಡು. ಕಥೆ ಹೇಳುವಾಗ ಈ ಸಾಲು ನುಂಗಬೇಡಿ, ಬಂಡವಾಳ ಅನ್ನೋದು ಯಾರೋ ಖರ್ಚು ಮಾಡದೇ ಇಟ್ಟಿದ್ದ ದುಡ್ಡು ಅಂತ ಮಗುವಿಗೆ ತಿಳಿಯೋದು ಅಲ್ಲೇ.

ಷೇರು ಅಂದರೇನು ಅಂತ ಹೇಳೋಕೆ ನಾನು ಎಮ್ಮೆ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಕುರಿ, ದನ ಪಾಲಿಗೆ ಬಿಡೋದು, ಹೊಲ ಕೋರಿಗೆ (ಬೆಳೆಯ ಪಾಲಿಗೆ) ಮಾಡೋದು ಹಳ್ಳಿ ಸಂಪರ್ಕ ಇರುವ ಮಕ್ಕಳಿಗೆಲ್ಲ ಗೊತ್ತು. ಮೂರು ಜನ ತಲಾ ಇಪ್ಪತ್ತು ಸಾವಿರ ಹಾಕಿ ಒಂದು ಎಮ್ಮೆ ತಂದರು ಅನ್ನಿ. ಹಾಲಿನ ದುಡ್ಡಲ್ಲಿ ಹಿಂಡಿ, ಮೇವು ಕಳೆದು ಉಳಿದಿದ್ದು ಮೂರು ಪಾಲು. ಅದು ಲಾಭಾಂಶ. ಈಗ ದಿನಾ ಬೆಳಗ್ಗೆ ಒಬ್ಬ ದಲ್ಲಾಳಿ ಬಂದು ಎಮ್ಮೆಗೆ ರೇಟು ಕೂಗುತ್ತಾನೆ. ಇವತ್ತು ಅರವತ್ತೈದು ಸಾವಿರ, ನಾಳೆ ಐವತ್ತು. ಅವನು ಐವತ್ತು ಅಂದ ಅಂತ ಎಮ್ಮೆ ಹಾಲು ಕಮ್ಮಿ ಕೊಡುತ್ತದಾ? ಇಲ್ಲ. ಆದರೆ ಎಮ್ಮೆಗೆ ಕಾಯಿಲೆ ಬಂದರೆ, ಸತ್ತೇಹೋದರೆ? ಹಾಕಿದ ದುಡ್ಡೂ ಹೋಯಿತು. ಅದಕ್ಕೇ ಒಂದೇ ಎಮ್ಮೆಗೆ ಎಲ್ಲ ಹಾಕಬಾರದು. ಐವತ್ತು ಎಮ್ಮೆಗಳಲ್ಲಿ ಚೂರುಚೂರು ಪಾಲು ತಗೊಂಡರೆ ಅದೇ ನಿಫ್ಟಿ ಇಂಡೆಕ್ಸ್ ಫಂಡ್, ಅಂದರೆ ಐವತ್ತು ದೊಡ್ಡ ಕಂಪನಿಗಳಲ್ಲಿ ಒಟ್ಟಿಗೇ ದುಡ್ಡು ಹಾಕುವ ಫಂಡ್. ಇದನ್ನು ಹೇಳಿದ ಮೇಲೆ ನನ್ನ ಮೊಮ್ಮಗಳು ಟಿವಿಯಲ್ಲಿ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಬಿತ್ತು ಅಂತ ಬಂದಾಗೆಲ್ಲ "ಅಜ್ಜಿ, ದಲ್ಲಾಳಿ ಬಂದ" ಅನ್ನುತ್ತಾಳೆ.

ದೊಡ್ಡವರಿಗೂ ಈ ಎಮ್ಮೆ ಬೇಕು. 2020ರ ಜನವರಿಯಲ್ಲಿ ಸೆನ್ಸೆಕ್ಸ್ 42 ಸಾವಿರ ಮುಟ್ಟಿತ್ತು. ಮಾರ್ಚ್ ಕೊನೆಯ ವಾರ, ಕೊರೊನಾ ಹೊಡೆತಕ್ಕೆ, 26 ಸಾವಿರದ ಹತ್ತಿರ ಬಂತು. ನವೆಂಬರಿನಲ್ಲಿ ಮತ್ತೆ 42 ಸಾವಿರ ದಾಟಿತು. ಮಾರ್ಚಿನಲ್ಲಿ ಹೆದರಿ ಮಾರಿದವರು ನನ್ನ ಸಹೋದ್ಯೋಗಿಗಳೇ ಎಷ್ಟೋ ಜನ.

ನಿಮ್ಮ ಯಜಮಾನರಿಗೆ ದಯವಿಟ್ಟು ಇದನ್ನು ಓದಿ ಹೇಳಿ: ಮಗುವಿಗೆ ಟ್ರೇಡಿಂಗ್ ಬೇಡ. ಅಪ್ರಾಪ್ತರ ಡಿಮ್ಯಾಟ್ ಖಾತೆ ತೆರೆಯಬಹುದು ನಿಜ, ಆದರೆ ನಡೆಸೋದು ಅಪ್ಪ-ಅಮ್ಮ, ಅದರಲ್ಲಿ ಷೇರು ಇಡಬಹುದು, ಬೇಕಾದಾಗ ಮಾರಬಹುದು ಅಷ್ಟೇ. ಬೆಳಗ್ಗೆ ಕೊಂಡು ಮಧ್ಯಾಹ್ನ ಮಾರುವ ಆಟಕ್ಕೆ, ಮುಂದಿನ ರೇಟಿನ ಮೇಲೆ ಬಾಜಿ ಕಟ್ಟಿದಂತಿರುವ ಎಫ್ ಅಂಡ್ ಓಗೆ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಅವಕಾಶವಿಲ್ಲ. ಇಲ್ಲದಿರೋದೇ ಒಳ್ಳೆಯದು. ಎಫ್ ಅಂಡ್ ಓ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳೆದುಕೊಂಡಿದ್ದಾರೆ, 2021-22ರಿಂದ ಮೂರು ವರ್ಷದ ಲೆಕ್ಕ ನೋಡಿ ಷೇರುಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿಯೇ ಹೇಳಿದ್ದು ಇದು. ದೊಡ್ಡವರ ಗತಿಯೇ ಹೀಗಿರುವಾಗ ನಾಲ್ಕನೇ ಕ್ಲಾಸಿನ ಮಗುವಿಗೆ ಷೇರು ರೇಟಿನ ಕೆಂಪು-ಹಸಿರು ಕಡ್ಡಿ ತೋರಿಸಿ ಏನು ಕಲಿಸೋದು? ಬೇಕಿದ್ದರೆ ಅವಳ ಹೆಸರಲ್ಲಿ ಒಂದು ಇಂಡೆಕ್ಸ್ ಫಂಡ್ ಎಸ್‌ಐಪಿ (ತಿಂಗಳು ತಿಂಗಳು ಇಷ್ಟು ಅಂತ ಹಾಕೋದು) ಮಾಡಿ, ಆರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಕೈಗೆ ಕೊಟ್ಟು ಓದಿಸಿ. ಹದಿನೆಂಟು ತುಂಬಿದಾಗ ಖಾತೆಯನ್ನು ಅವಳ ಹೆಸರಿಗೆ ಬದಲಿಸುವ ಕಾಗದಪತ್ರ ಕೊಡಬೇಕು, ಅಲ್ಲಿಯವರೆಗೆ ವಹಿವಾಟು ನಿಲ್ಲುತ್ತದೆ, ಅದೊಂದು ನೆನಪಿರಲಿ. ತೆರಿಗೆ ವಿಷಯಕ್ಕೆ, ಮಕ್ಕಳ ಹೆಸರಲ್ಲಿ ಬಂದ ಬಡ್ಡಿ, ಲಾಭ ಸಾಮಾನ್ಯವಾಗಿ ಅಪ್ಪ-ಅಮ್ಮರಲ್ಲಿ ಜಾಸ್ತಿ ಆದಾಯ ಇರುವವರ ಲೆಕ್ಕಕ್ಕೆ ಸೇರುತ್ತದೆ. ಮಗು ತನ್ನ ಕೈಕೆಲಸದಿಂದ, ಪ್ರತಿಭೆಯಿಂದ ದುಡಿದಿದ್ದು ಮಾತ್ರ ಮಗುವಿನದು. ಮಂಡಕ್ಕಿಗೆ ಯಾರೂ ತೆರಿಗೆ ಕೇಳಲ್ಲ ಬಿಡಿ.

ಕಾನೂನು ಬಗ್ಗೆ ಎರಡೇ ಮಾತು. ಹದಿನೆಂಟರೊಳಗಿನವರು ಮಾಡಿಕೊಂಡ ಒಪ್ಪಂದ ನಿಲ್ಲುವುದಿಲ್ಲ, ಹಾಗಾಗಿ ಸಂತೆ ದಾಟಿ ನಿಜವಾಗಿ ಏನಾದರೂ ಮಾರುವುದಾದರೆ ಅದು ನಿಮ್ಮ ಹೆಸರಲ್ಲಿ ನಡೆಯಬೇಕು, ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಮನೆಯವರ ವ್ಯಾಪಾರದಲ್ಲಿ ಮಕ್ಕಳು ಶಾಲೆ ಮುಗಿದ ಮೇಲೆ, ರಜೆಯಲ್ಲಿ ಕೈಜೋಡಿಸಬಹುದು, ಅಪಾಯದ ಕೆಲಸ ಮಾತ್ರ ಕೂಡದು. ಅದನ್ನು ದಾಟಿದರೆ ಬಾಲಕಾರ್ಮಿಕ ಪದ್ಧತಿ.

ಕೋರ್ಸ್ ಬಗ್ಗೆ ಮೊದಲೇ ಹೇಳಿದೆ. ಯಾವ ಕೋರ್ಸ್ ಅಂತ ನನಗೆ ಗೊತ್ತಿಲ್ಲ, ಕೆಟ್ಟದ್ದು ಅನ್ನುತ್ತಿಲ್ಲ. ಹದಿನಾಲ್ಕು-ಹದಿನೈದಾದ ಮೇಲೆ ಅವಳೇ ಕೇಳಿದರೆ ನೋಡೋಣ. ಈಗ ಆ ಹದಿನೆಂಟು ಸಾವಿರದಲ್ಲಿ ಎರಡು ಸಾವಿರ ತೆಗೆದು, ಮುಂದಿನ ಎರಡು-ಮೂರು ವರ್ಷ ಅವಳು ಏನೇ ಮಾಡಲು ಹೊರಟರೂ, ಸಂಕ್ರಾಂತಿಗೆ ಎಳ್ಳು-ಬೆಲ್ಲದ ಪೊಟ್ಟಣವೋ, ರಾಖಿಯೋ, ಸಾಲ ಕೊಡುವ ನಿಧಿ ಅಂತ ಇಟ್ಟುಕೊಳ್ಳಿ. ಮಿಕ್ಕಿದ್ದನ್ನು ಸುಕನ್ಯಾ ಖಾತೆಗೆ ಹಾಕಿ.

ಆರು ವರ್ಷದ ಮಗನ ಬಗ್ಗೆ ನೀವು ಏನೂ ಕೇಳಲಿಲ್ಲ, ಆದರೆ ಅಕ್ಕನ ಸಂತೆ ದಿನ ಅವನು ಸುಮ್ನೆ ಇರಲ್ಲ, ನೋಡುತ್ತಿರಿ. ಚಿಲ್ಲರೆ ಡಬ್ಬಿ ಅವನಿಗೆ ಕೊಡಿ. ಒಂದು, ಎರಡು, ಐದು, ಹತ್ತರ ನಾಣ್ಯ ಬೇರೆ ಬೇರೆ ಜೋಡಿಸಲಿ, ಬೋಣಿಯ ಹತ್ತು ರೂಪಾಯಿ ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಲಿ. ಸಂಜೆ ಅಕ್ಕ ಅವನಿಗೆ ಎಷ್ಟು ಕೂಲಿ ಕೊಡಬೇಕು ಅನ್ನೋದನ್ನು ಬೆಳಗ್ಗೆಯೇ ಮಾತಾಡಿಕೊಳ್ಳೋಕೆ ಹೇಳಿ, ಇಲ್ಲದಿದ್ದರೆ ರಾತ್ರಿ ಜಗಳ ಬಿಡಿಸೋದು ನೀವೇ. ಸಂತೆ ಆದ ಮೇಲೆ ಲೆಕ್ಕ ಬರೆದ ಪುಟದ ಫೋಟೋ ತೆಗೆದು ಕಳಿಸಿ. ನಿಮ್ಮ ಹೆಸರಿನ ಮುಂದೆ ಬಾಕಿ ಎಷ್ಟು ಬರೆದಿದ್ದಾಳೆ ಅಂತ ನನಗೆ ನೋಡಬೇಕು.